ಮಗನ ಹೆಸರಿನಲ್ಲಿ ಒಂದು ಮಾತು

ಸಂಕ್ರಾಂತಿ ಮುಗಿದು ವಾರವಾದರೂ ಶರಣಬಸವನ ಅಂಗಡಿಗೆ ಒಂದು ಮೋಟಾರೂ ಬಂದಿರಲಿಲ್ಲ. ಹೊಸ ವರ್ಷದ ಮೊದಲ ದಿನದಿಂದ ಹೊಲಗಳಿಗೆ ಇಪ್ಪತ್ನಾಲ್ಕು ತಾಸೂ ಕರೆಂಟು ಬರತೊಡಗಿತ್ತು. ತೆಲಂಗಾಣದ ಗಡಿಯ ಮಕ್ತಲ್ ಸುತ್ತಲಿನ ಹಳ್ಳಿಗಳಲ್ಲಿ ಜನರ ಬಾಯಲ್ಲಿ ಅದೇ ಮಾತು. ಬ್ಯಾಟರಿ ಹಿಡಿದು ಅಪರಾತ್ರಿಯಲ್ಲಿ ಹೊಲಕ್ಕೆ ಓಡುವುದು ತಪ್ಪಿತು, ಹಾವು ಚೇಳಿನ ಅಂಜಿಕೆ ತಪ್ಪಿತು, ಎಲ್ಲಕ್ಕಿಂತ ಹೆಚ್ಚಾಗಿ ಮೋಟಾರು ಸುಡುವುದು ತಪ್ಪಿತು. ಈ ಕೊನೆಯ ಮಾತು ಬಂದಾಗ ಶಂಕ್ರಮ್ಮ ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗುತ್ತಿದ್ದಳು. ಅವಳ ಮನೆಯ ಒಲೆ ಉರಿಯುತ್ತಿದ್ದುದು ಸುಟ್ಟ ಮೋಟಾರುಗಳಿಂದ. ಮಗ ಶರಣಬಸವ ಸುಟ್ಟ ಮೋಟಾರಿನ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕಟ್ಟುವ ವೈಂಡಿಂಗ್ ಕೆಲಸದವನು.

ಆ ದಿನ ಮುಂಜಾನೆ ಎದುರುಮನೆಯ ಹಣಮಮ್ಮ ಮಿಕ್ಸರು ಹಿಡಿದು ಬಂದಳು. ಮನೆಯ ಮುಂದಿನ ಕಟ್ಟೆಯ ಮೇಲೆ ಶಂಕ್ರಮ್ಮನ ಗಂಡ ಜಂಬಪ್ಪ ಕೂತು ಇಂಥದ್ದನ್ನೆಲ್ಲ ರಿಪೇರಿ ಮಾಡುವುದು ವಾಡಿಕೆ. ಅವನು ಯಾರದೋ ಮನೆಯ ನಲ್ಲಿ ಸರಿಮಾಡಲು ಹೋಗಿದ್ದ. ಮನೆಗೆ ಹೊಂದಿಕೊಂಡ ಅಂಗಡಿಯಲ್ಲಿ ಕೈಕಟ್ಟಿ ಕೂತಿದ್ದ ಶರಣಬಸವ ಮಿಕ್ಸರನ್ನು ತೆಗೆದುಕೊಂಡು ಬುಡಮೇಲು ಮಾಡಿ ನೋಡಿದ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಶರಣಾ, ಅದನ್ನ ಕೆಳಗ ಇಡು. ನಿಮ್ಮಪ್ಪ ಬಂದು ನೋಡ್ತಾನ."

"ಸುಮ್ಕ ಕುಂತೀನಲ್ಲವ್ವಾ."

"ಕುಂದ್ರು. ಇವತ್ತು ಮಿಕ್ಸರ್ ಮುಟ್ಟಿದಿ ಅಂದ್ರ ನಾಳಿ ಕುಕ್ಕರ್ ಬರ್ತೈತಿ, ನಾಡದು ಹರದ ಚಪ್ಪಲಿ ಬರ್ತೈತಿ."

ಹಣಮಮ್ಮ ನಕ್ಕಳು. ಸೊಸೆ ಉಮಾಶ್ರೀ ಕೊಡ ತೊಳೆಯುತ್ತ ಅಲ್ಲಿಂದಲೇ, "ಅತ್ತೀ, ಮಿಕ್ಸರ್‌ನಾಗೂ ಮೋಟಾರೇ ಇರ್ತೈತ್ರಿ," ಎಂದಳು. ಶಂಕ್ರಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಳು. ಶರಣಬಸವ ಮಿಕ್ಸರನ್ನು ಕಟ್ಟೆಯ ಮೇಲಿಟ್ಟು ಮತ್ತೆ ಕೂತುಕೊಂಡ.

ಶಂಕ್ರಮ್ಮನ ಹಟಕ್ಕೆ ಕಾರಣವಿತ್ತು. ಜಂಬಪ್ಪನಿಗೆ ಬಾರದ ಕೆಲಸವೇ ಇರಲಿಲ್ಲ. ಸ್ಟೋವ್, ರೇಡಿಯೋ, ಬೀಗ, ಹೊಲಿಗೆ ಮಷೀನು, ಕೈಪಂಪು, ಹೊಲದ ಸ್ಟಾರ್ಟರು, ಎಲ್ಲಕ್ಕೂ ಅವನೇ. ಊರವರು ಅವನನ್ನು ಎಲ್ಲಾ ಬಲ್ಲ ಜಂಬಪ್ಪ ಎಂದು ಕರೆಯುತ್ತಿದ್ದರು. ಹಾಗೆ ಕರೆದೇ ಕೆಲಸ ಮಾಡಿಸಿಕೊಂಡು, ಇಷ್ಟಕ್ಕೇನು ಕೊಡುವುದು ಎಂದು ಹೋಗಿಬಿಡುತ್ತಿದ್ದರು. ಅವನು ಉಣ್ಣಲು ಕೂತಾಗಲೇ ಬಾಗಿಲಲ್ಲಿ ಯಾರಾದರೂ ಕೂಗಬೇಕು, ಅವನು ತುತ್ತು ಬಿಟ್ಟು ಏಳಬೇಕು. ಶರಣ ಹುಟ್ಟಿದ ದಿನ ಅವನು ಯಾರದೋ ಹಿಟ್ಟಿನ ಗಿರಣಿಯ ಪಟ್ಟಿ ಜೋಡಿಸುತ್ತಿದ್ದ. ಕೂಲಿ ಎಂದು ಅವರು ಕೊಟ್ಟದ್ದು ಒಂದು ಸೇರು ಜೋಳದ ಹಿಟ್ಟು. ಬಾಣಂತಿ ಅದನ್ನೇ ಅಂಬಲಿ ಮಾಡಿಕೊಂಡು ಕುಡಿದಿದ್ದಳು.

ಹಾಗಾಗಿ ಮಗ ಹತ್ತನೆಯ ಇಯತ್ತೆ ಮುಗಿಸಿದ ಕೂಡಲೇ ಅವನನ್ನು ರಾಯಚೂರಿನ ವೈಂಡಿಂಗ್ ಉಸ್ತಾದರೊಬ್ಬರ ಕೈಕೆಳಗೆ ಹಾಕಿದಳು. ಒಂದನ್ನು ಹಿಡಿ, ಗಟ್ಟಿಯಾಗಿ ಹಿಡಿ ಎಂದಳು. ಹುಡುಗ ಹಾಗೇ ಮಾಡಿದ. ತೆಲಂಗಾಣ ಬೇರೆ ರಾಜ್ಯವಾದ ವರ್ಷ ಕರೆಂಟು ಒಂದು ತಾಸು ಬಂದರೆ ಎರಡು ತಾಸು ಇಲ್ಲ, ಬಂದರೂ ಮಿಣುಮಿಣು. ಅಂಗಡಿಯ ಮುಂದೆ ಸುಟ್ಟ ಮೋಟಾರುಗಳ ಸಾಲು ಬೇವಿನ ಗಿಡದವರೆಗೆ ಹೋಗುತ್ತಿತ್ತು. ಜಂಬಪ್ಪನನ್ನು ಅರೆ ಊಟದಲ್ಲಿ ಎಬ್ಬಿಸುತ್ತಿದ್ದ ರೈತರೇ ಶರಣಬಸವ ಉಂಡು ಕೈತೊಳೆಯುವವರೆಗೆ ಹೊರಗೆ ಕಾಯುತ್ತಿದ್ದರು. ಅವನು ಹೇಳಿದ್ದೇ ಮಾತು. ಮನೆಯ ಹಿಂದೆ ಒಂದು ಕೋಣೆ ಎದ್ದಿತು, ನಾರಾಯಣಪೇಟೆಯಿಂದ ಉಮಾಶ್ರೀ ಸೊಸೆಯಾಗಿ ಬಂದಳು. ಶಂಕ್ರಮ್ಮ ನೀರಿಗೆ ಹೋದಲ್ಲಿ, ಮದುವೆಗೆ ಹೋದಲ್ಲಿ ಮಗನ ಮಾತನ್ನೇ ಆಡುತ್ತಿದ್ದಳು. ಗಂಡನ ಮಾತು ಬಂದರೆ ಸುಮ್ಮನಾಗುತ್ತಿದ್ದಳು.

ಈಗ ಆ ಸಾಲು ಇರಲಿಲ್ಲ.

ಉಮಾಶ್ರೀಯ ತವರಿನ ಓಣಿಯ ನರಸಿಂಹುಲು ಎಂಬಾತ ಗದ್ವಾಲದ ಆಚೆ ಧರೂರು ದಾರಿಯ ಅಕ್ಕಿ ಮಿಲ್ಲೊಂದರಲ್ಲಿ ಮೇಸ್ತ್ರಿಯಾಗಿದ್ದ. ಅವನು ಒಂದು ದಿನ ಮಕ್ತಲ್‌ನಲ್ಲಿ ಬಸ್ಸು ಇಳಿದು ಮನೆಗೆ ಬಂದ. ಮಿಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ಮನುಷ್ಯ ಬೇಕಾಗಿದ್ದಾನೆ, ತಿಂಗಳ ಪಗಾರ, ಇರಲು ಕೋಣೆ. ಶರಣಬಸವನ ಕೈ ಒಳ್ಳೆಯದೆಂದು ಮಾಲಕನಿಗೆ ಹೇಳಿದ್ದೇನೆ, ಅವನು ಯುಗಾದಿಯ ತನಕ ಕಾಯುತ್ತಾನೆ ಎಂದ.

"ಆದ್ರ ಮಿಲ್ಲಿನಾಗ ಒಂದೇ ಕೆಲಸ ಅಂತ ಇರಂಗಿಲ್ಲ ಅಲ್ಲುಡೂ. ಅನ್ನೀ ರಾವಾಲಿ. ಪಟ್ಟಿ, ಬೇರಿಂಗು, ವೈರಿಂಗು, ಬೆಸುಗಿ, ಎಲ್ಲಾ ಬರಬೇಕು," ಎಂದ, ಓಣಿಯ ಅಳಿಯನೆಂಬ ಸಲಿಗೆಯಿಂದ ತೆಲುಗು ಬೆರೆಸಿ.

"ನನಗ ವೈಂಡಿಂಗ್ ಒಂದೇ ಬರ್ತೈತ್ರಿ," ಎಂದ ಶರಣಬಸವ.

ನರಸಿಂಹುಲು ಚಹಾ ಕುಡಿದು, ಕಟ್ಟೆಯ ಮೇಲೆ ಚದುರಿದ್ದ ಜಂಬಪ್ಪನ ಸಾಮಾನುಗಳನ್ನು ನೋಡಿ, ಮನೆಯಲ್ಲೇ ಕಲಿಸುವ ಸಾಲೆ ಇಟ್ಟುಕೊಂಡು ಹೀಗನ್ನುತ್ತೀಯಲ್ಲ ಎಂದು ಹೇಳಿ ಹೋದ.

ಮಧ್ಯಾಹ್ನ ಉಣ್ಣುವಾಗ ಜಗಳ ಶುರುವಾಯಿತು. ಅಂಗಡಿ ಮುಚ್ಚಿ ಗದ್ವಾಲಿಗೆ ಹೋಗೋಣವೆಂದಳು ಉಮಾಶ್ರೀ. ಹೆಸರಿರುವ ಕೆಲಸಗಾರ ಹೋಗಿ ಮಿಲ್ಲಿನಲ್ಲಿ ಎಲ್ಲರ ಕೂಗಿಗೂ ಓಡುವವನಾಗಬೇಕೇ ಎಂದು ಕೇಳಿದಳು ಶಂಕ್ರಮ್ಮ. ಸುಮ್ಮನೆ ಕೂಡುವುದಕ್ಕಿಂತ ಓಡುವುದು ಮೇಲಲ್ಲವೇ ಎಂದಳು ಸೊಸೆ. ಪುಂಡಿಪಲ್ಯದ ಪಾತ್ರೆ ಇಬ್ಬರ ನಡುವೆ ಸ್ವಲ್ಪ ಜೋರಾಗಿಯೇ ಅತ್ತಿತ್ತ ಸರಿದಾಡಿತು.

"ನಾ ಹೋಗ್ಲೇನು ಗದ್ವಾಲಿಗೆ?" ಎಂದ ಜಂಬಪ್ಪ, ವಾತಾವರಣ ತಿಳಿಯಾಗಲೆಂದು. "ನನಗ ಎಲ್ಲಾ ಬರ್ತೈತಿ."

"ನಿಮಗ ಪಗಾರ ಕೇಳಾಕ ಬರಂಗಿಲ್ಲ," ಎಂದಳು ಶಂಕ್ರಮ್ಮ.

ಜಂಬಪ್ಪ ನಕ್ಕು ರೊಟ್ಟಿ ಮುರಿದ. ಶರಣಬಸವ ನಗಲಿಲ್ಲ. ಯುಗಾದಿಯ ತನಕ ನೋಡುತ್ತೇನೆ ಎಂದಷ್ಟೇ ಹೇಳಿ ಎದ್ದ.

ಅದಾದ ಕೆಲವೇ ದಿನಕ್ಕೆ ಆ ಫೋನು ಬಂದದ್ದು. ಶರಣಬಸವ ಕೆಲಸ ಹುಡುಕಿಕೊಂಡು ನಾರಾಯಣಪೇಟೆಯ ಗುರುತಿನ ಅಂಗಡಿಗಳಿಗೆ ಹೋಗಿದ್ದ. ಅವನ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಇತ್ತು. ಮನೆಯಲ್ಲಿ ಶಂಕ್ರಮ್ಮ ಒಬ್ಬಳೇ. ಮಾತಾಡಿದವನು ಅವಳ ತಮ್ಮ ತಾಯಣ್ಣ, ನಾರ್ವ ಕಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದವನು. ಬೋರಿನ ನೀರಿಗೆ ಶೇಂಗಾ ಹಾಕಿದ್ದ.

"ಅಕ್ಕಾ, ಕರೆಂಟಿನವರು ಬಂದಿದ್ರು. ಆಟೋ ಸ್ಟಾರ್ಟರ್ ತೆಗೀರಿ ಅಂತಾರ. ತೆಗಿಲ್ಯೋ ಬ್ಯಾಡೋ, ಶರಣಗ ಒಂದು ಮಾತು ಕೇಳು."

ಆಟೋ ಸ್ಟಾರ್ಟರ್ ಎಂದರೆ ಕರೆಂಟು ಬಂದ ಕೂಡಲೇ ಮೋಟಾರನ್ನು ತಾನಾಗಿ ಚಾಲೂ ಮಾಡುವ ಸಣ್ಣ ಡಬ್ಬಿ. ಕರೆಂಟು ಯಾವಾಗ ಬರುವುದೋ ತಿಳಿಯದ ಕಾಲಕ್ಕೆ ಎಲ್ಲರೂ ಹಾಕಿಸಿಕೊಂಡದ್ದು. ಈಗ ಕರೆಂಟು ಹೋಗುವುದೇ ಇಲ್ಲವಾದ್ದರಿಂದ, ಮನುಷ್ಯ ಹೋಗಿ ನಿಲ್ಲಿಸದಿದ್ದರೆ ಮೋಟಾರು ಹಗಲೂ ರಾತ್ರಿ ತಿರುಗುತ್ತಲೇ ಇರುತ್ತದೆ. ನಿಲ್ಲಿಸಿ ಬಂದರೂ ಕರೆಂಟು ಒಮ್ಮೆ ಮಿಟುಕಿದರೆ ಮತ್ತೆ ತಾನೇ ಏಳುತ್ತದೆ. ಬೋರಿನ ನೀರು ಇಳಿದರೆ ಒಣ ತಿರುಗಿ ಸುಡುತ್ತದೆ. ಇದನ್ನು ಶರಣಬಸವ ಊಟಕ್ಕೆ ಕೂತಾಗ ತಂದೆಗೆ ಹೇಳಿದ್ದನ್ನು ಶಂಕ್ರಮ್ಮ ತನ್ನ ಕಿವಿಯಿಂದಲೇ ಕೇಳಿದ್ದಳು.

"ತಡಿ, ಕೇಳ್ತೀನಿ," ಎಂದಳು.

ಫೋನಿನ ಬಾಯಿಗೆ ಅಂಗೈ ಮುಚ್ಚಿ ಒಲೆಯ ಮುಂದೆ ನಿಂತಳು. ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಬಹುದಿತ್ತು. ಸಂಜೆ ಬಂದ ಮೇಲೆ ಕೇಳು ಎನ್ನಬಹುದಿತ್ತು. ಕಾಲಬಳಿ ಬೆಕ್ಕೊಂದು ಹಾಲಿನ ತಂಬಿಗೆ ಮೂಸುತ್ತಿತ್ತು, ಅದನ್ನು ಕಾಲಿನಿಂದ ಓಡಿಸಿದಳು. ಮಾತು ಕೇಳಿ ಬರಲು ಹಿಡಿಯುವಷ್ಟು ಹೊತ್ತು ಕಳೆದ ಮೇಲೆ ಅಂಗೈ ತೆಗೆದಳು.

"ಇರಲಿ ಬಿಡು ಅಂತಾನ. ಏನೂ ಆಗಂಗಿಲ್ಲಂತ."

"ಶರಣ ಅಂದ ಮ್ಯಾಲೆ ಮುಗೀತು," ಎಂದ ತಾಯಣ್ಣ. ಆಮೇಲೆ ಮನೆಯವರೆಲ್ಲರ ಯೋಗಕ್ಷೇಮ ಕೇಳಿ ಫೋನಿಟ್ಟ.

ಆ ಮಾತು ಹೇಗೆ ಬಂತೆಂದು ಅವಳಿಗೆ ತಿಳಿಯಲಿಲ್ಲ ಎಂದರೆ ಸುಳ್ಳಾದೀತು. ಅವಳು ಆ ದಿನ ಇಲ್ಲದ ಕೆಲಸವನ್ನೆಲ್ಲ ಹುಡುಕಿ ಮಾಡಿದಳು. ಜೋಳ ಹಸನು ಮಾಡಿದಳು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿದಳು, ಸಂಜೆ ಮಗ ಬಂದಾಗ ಮಾವ ಫೋನು ಮಾಡಿದ್ದ, ಸುಮ್ಮನೆ ಮಾತಾಡಿಸಲು ಎಂದಳು.

ಎರಡು ವಾರವೂ ಕಳೆದಿರಲಿಲ್ಲ, ತಾಯಣ್ಣ ಟಂಟಂ ಗಾಡಿಯಲ್ಲಿ ಮೋಟಾರು ಹಾಕಿಕೊಂಡು ಬಂದ. ಬೋರಿನಿಂದ ಅದನ್ನು ಎತ್ತಿಸಲು ಹೋಗಿದ್ದ ಜಂಬಪ್ಪನೂ ಜೊತೆಗಿದ್ದ. ಬಟ್ಟೆಯೆಲ್ಲ ಕೆಂಪು ರಾಡಿ. ಮೋಟಾರಿನ ಬಾಯಿ ಬಿಚ್ಚಿದ ಕೂಡಲೇ ಸುಟ್ಟ ವಾಸನೆ ಅಂಗಡಿ ತುಂಬಿ ನಡುಮನೆಗೂ ಬಂತು. ಎಷ್ಟೋ ದಿನಗಳ ಮೇಲೆ ಬಂದ ಆ ವಾಸನೆಗೆ ಉಮಾಶ್ರೀ ಕೂಡ ಬಾಗಿಲಿಗೆ ಬಂದು ನಿಂತಳು. ಶರಣಬಸವ ತೋಳು ಮೇಲೇರಿಸಿ ಕೆಲಸಕ್ಕೆ ಕೂತ. ಅವನ ಬೆನ್ನು ನೆಟ್ಟಗಾದದ್ದನ್ನು ಶಂಕ್ರಮ್ಮ ಒಳಗಿನಿಂದಲೇ ನೋಡಿದಳು.

ತಮ್ಮನಿಗೆ ಉಣ್ಣಲು ಬಡಿಸಿದಳು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಅವನು ಬೇಡವೆಂದರೂ ಮತ್ತೆ ಮತ್ತೆ ಹಾಕಿದಳು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ನೀರು ನಿಂತಿತೆಂದೂ, ಪಕ್ಕದ ಹೊಲದವರು ಒಂದು ಸರದಿ ನೀರು ಬಿಟ್ಟರೂ ಅರ್ಧಕ್ಕೇ ಸಾಲಿತೆಂದೂ ಅವನು ಹೇಳುತ್ತಿದ್ದ. ಅಷ್ಟರಲ್ಲಿ ಶರಣಬಸವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ನಿಂತ.

"ಮಾವಾ, ಇದು ಒಣ ತಿರುಗಿ ಸುಟ್ಟೈತಿ. ಆಟೋ ಸ್ಟಾರ್ಟರ್ ತೆಗದಿದ್ದಿಲ್ಲೇನು? ನನ್ನ ಒಂದು ಮಾತು ಕೇಳಬಾರದಾ?"

ತಾಯಣ್ಣನ ಕೈ ರೊಟ್ಟಿಯ ಮೇಲೆ ನಿಂತಿತು. ಅವನು ಸೋದರಳಿಯನ ಮುಖ ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ. ಶಂಕ್ರಮ್ಮ ಮೊಸರಿನ ಸೌಟು ಹಿಡಿದು ಬಗ್ಗಿದವಳು ಹಾಗೇ ಇದ್ದಳು.

"ಮರತೆ," ಎಂದ ತಾಯಣ್ಣ. "ಕೇಳಬೇಕಂತ ಅನ್ಕೊಂಡೆ, ಮರತಬಿಟ್ಟೆ."

ಉಂಡು ಎದ್ದ. ಹೋಗುವಾಗ ಶರಣಬಸವನ ಕೈಯಲ್ಲಿ ಕೂಲಿ ಇಟ್ಟ. ಮಾವನ ರೊಕ್ಕ ಬೇಡವೆಂದು ಹುಡುಗ ಎಷ್ಟು ಹೇಳಿದರೂ ಕೇಳಲಿಲ್ಲ. ಅಕ್ಕನಿಗೆ ಎಂದಿನಂತೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

ಆ ಮೋಟಾರಿನಿಂದ ಮನೆಯಲ್ಲಿ ಇನ್ನೊಂದು ಆಯಿತು. ಶರಣಬಸವನಿಗೆ ಧೈರ್ಯ ಬಂತು. ಇಪ್ಪತ್ನಾಲ್ಕು ತಾಸು ಕರೆಂಟಿದ್ದರೂ ಮೋಟಾರು ಸುಡುತ್ತವೆ ನೋಡು, ಬೇಸಿಗೆ ಬಂದರೆ ಇನ್ನೂ ಬರುತ್ತವೆ, ಗದ್ವಾಲು ಬೇಡ ಎಂದು ಹೆಂಡತಿಗೆ ಹೇಳಿದ.

"ಒಂದು ಮೋಟಾರಿಗೆ ಯುಗಾದಿ ಮಾಡ್ತೀರೇನು?" ಎಂದಳು ಉಮಾಶ್ರೀ. "ಅದೂ ಸ್ವಂತ ಸೋದರಮಾವಂದು."

"ನಿನಗೇನು ಗೊತ್ತು ಈ ಕೆಲಸ?"

"ನನಗ ಈ ಕೆಲಸ ಗೊತ್ತಿಲ್ಲ. ಡಬ್ಬಿಯಾಗ ಬ್ಯಾಳಿ ಎಷ್ಟೈತಿ ಅಂತ ಗೊತ್ತೈತಿ."

ಮಾತಿಗೆ ಮಾತು ಬೆಳೆಯಿತು. ಮರುದಿನ ಉಮಾಶ್ರೀ ಚೀಲ ಕಟ್ಟಿಕೊಂಡು ನಾರಾಯಣಪೇಟೆಯ ತವರಿಗೆ ಹೋದಳು. ಅತ್ತೆ ಇರು ಎಂದು ಹೇಳಲಿಲ್ಲ. ಸೊಸೆ ಹೇಳಿದ್ದೇ ಸರಿಯೆಂದು ಗೊತ್ತಿದ್ದದ್ದು ಮನೆಯಲ್ಲಿ ಅವಳೊಬ್ಬಳಿಗೇ.

ಶೇಂಗಾ ಕೀಳುವ ಕಾಲಕ್ಕೆ ತಾಯಣ್ಣನ ಹೆಂಡತಿ ಪೆಂಟಮ್ಮ ಪ್ರತಿ ವರ್ಷದಂತೆ ಒಂದು ಚೀಲ ಹಸಿ ಕಾಯಿ ಕಳಿಸಿದಳು. ತಾಯಣ್ಣನ ಹಳ್ಳಿಗೆ ಪಂಪು ನೋಡಲು ಹೋಗಿದ್ದ ಜಂಬಪ್ಪ ಅದನ್ನು ಹೊತ್ತು ತಂದ. ಶಂಕ್ರಮ್ಮ ಮೊರದಲ್ಲಿ ಹಾಕಿಕೊಂಡು ಸುಲಿಯಲು ಕೂತಳು. ಕಾಯಿ ಕೈಗೆ ಹಗುರ. ಒತ್ತಿದರೆ ಪುಸ್ಸೆಂದು ಒಡೆಯುತ್ತಿತ್ತು. ಒಳಗೆ ಕಾಳೆಂದರೆ ಅಕ್ಕಿಯಷ್ಟು, ಸುಕ್ಕುಗಟ್ಟಿದ್ದು. ಬಲಿತ ಕಾಳು ಬೇರೆ, ಜೊಳ್ಳು ಬೇರೆ ಮಾಡಿದಳು. ಜೊಳ್ಳಿನ ಗುಡ್ಡೆಯೇ ದೊಡ್ಡದಾಯಿತು. ಜಂಬಪ್ಪ ಎರಡು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು, "ಪೆಂಟಮ್ಮ ಬೇಕಂತ ಆರಿಸಿ ಕಳಿಸ್ಯಾಳೋ ಏನೋ," ಎಂದು ಚೇಷ್ಟೆ ಮಾಡಿದ. ಹೆಂಡತಿ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ವಾರವೆಲ್ಲ ಅವಳು ಶೇಂಗಾ ಚಟ್ನಿ ಮಾಡಲಿಲ್ಲ.

ಉಮಾಶ್ರೀ ತವರಿನಿಂದ ತಾನಾಗಿಯೇ ಮರಳಿದ್ದಳು. ಒಂದು ಮಧ್ಯಾಹ್ನ ಶರಣಬಸವ ಚಹಾದ ಅಂಗಡಿಯಿಂದ ಮುಖ ಕೆಂಪಗೆ ಮಾಡಿಕೊಂಡು ಬಂದ. ಚಪ್ಪಲಿ ಸಮೇತ ಒಳಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ನಾರ್ವ ಕಡೆಯ ರೈತನೊಬ್ಬ ನಾಲ್ಕು ಜನರ ಮುಂದೆ ಅವನನ್ನು ಅಂದಿದ್ದ: ಸುಡುವ ಹಾಗೆ ಹೇಳಿಕೊಡುವವನೂ ನೀನೇ, ಸುಟ್ಟದ್ದನ್ನು ಕಟ್ಟುವವನೂ ನೀನೇ ಅಂತಲ್ಲಪ್ಪ, ಒಳ್ಳೆ ದಂಧೆ. ಆಟೋ ಸ್ಟಾರ್ಟರ್ ಇರಲಿ ಎಂದು ಶರಣಬಸವನೇ ಹೇಳಿದನೆಂದು ಪೆಂಟಮ್ಮ ಊರೆಲ್ಲ ಹೇಳಿದ್ದಳು. ಇನ್ನು ಮೋಟಾರು ಕಟ್ಟಿಸಿದರೆ ರಾಯಚೂರಿಗೇ ಒಯ್ಯುವುದೆಂದು ಆ ಹಳ್ಳಿಯವರು ಮಾತಾಡಿಕೊಂಡಿದ್ದರಂತೆ.

"ನಾ ಯಾವಾಗ ಹೇಳಿದೆ? ಮಾವ ನಮ್ಮ ಮನ್ಯಾಗ ಕುಂತು ಮರತೆ ಅಂದಾನ, ಅಲ್ಲಿ ಹೋಗಿ ಹಿಂಗ ಅಂತಾನ. ಈಗಲೇ ಹೋಗ್ತೀನಿ. ಮಂದಿ ಮುಂದ ನಿಲ್ಲಿಸಿ ಕೇಳ್ತೀನಿ."

ಜಂಬಪ್ಪ ಉಣ್ಣುತ್ತಿದ್ದ. ಉಮಾಶ್ರೀ ಬಡಿಸುತ್ತಿದ್ದಳು. ಶಂಕ್ರಮ್ಮ ಹಂಚಿನ ಮೇಲಿದ್ದ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿ, ಎದ್ದು ನಿಂತಳು.

"ಹೋಗಬ್ಯಾಡ. ಹೇಳಿದಾಕಿ ನಾನು."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅವಳು ಫೋನು ಬಂದದ್ದನ್ನು, ತಮ್ಮ ಕೇಳಿದ್ದನ್ನು, ತಾನು ಕೊಟ್ಟ ಉತ್ತರವನ್ನು ಒಂದಾದ ಮೇಲೊಂದು ಹೇಳಿದಳು. ಹೇಳುವಾಗ ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತಲೇ ಇದ್ದಳು.

"ನನ್ನ ಕೇಳಿದಂಗ ಮಾಡಿದಿ?" ಎಂದ ಶರಣಬಸವ.

"ಹೂಂ."

"ನಾ ಇಲ್ಲದ ಮನ್ಯಾಗ. ಯಾರನ್ನ ಕೇಳಿದಿ, ಗ್ವಾಡಿನ್ನೇನು?"

ಅವಳು ಗೋಡೆಯ ಕಡೆಗೇ ನೋಡಿದಳು.

"ಯಾಕವ್ವಾ?"

"ಅಂಗಡಿ ಖಾಲಿ ಇತ್ತಲ್ಲಪ್ಪ."

ಉಮಾಶ್ರೀ ಹೋಗಿ ಒಲೆ ಆರಿಸಿದಳು. ಇಂಥ ಹೊತ್ತಿನಲ್ಲಿ ಒಂದು ಕುಟುಕು ಮಾತು ಬರುವುದೆಂದು ಶಂಕ್ರಮ್ಮ ಕಾದಿದ್ದಳು, ಅದು ಬಂದಿದ್ದರೆ ಹಗುರವಾಗುತ್ತಿತ್ತು. ಶರಣಬಸವ ಗೋಡೆಗೆ ಒರಗಿ ಕೂತ. ಅವನು ಕೂಗಾಡಲೂ ಇಲ್ಲ.

"ಅಪ್ಪನಂಗ ಹತ್ತು ಕೆಲಸ ಬರ್ತಿದ್ರ ಒಂದು ಕೆಟ್ರೂ ಒಂಬತ್ತು ಉಳೀತಿದ್ವು," ಎಂದ. "ನನ್ನ ಕಡಿ ಇದ್ದಿದ್ದು ಒಂದು ಕೆಲಸ, ಒಂದು ಮಾತು. ಅದನ್ನ ಕೊಟ್ಟಾಕಿನೂ ನೀನೇ, ಕಳದಾಕಿನೂ ನೀನೇ."

ಆಮೇಲೆ ಹೆಂಡತಿಯ ಕಡೆಗೆ ತಿರುಗಿ, ನರಸಿಂಹುಲುಗೆ ಫೋನು ಮಾಡು ಎಂದ. ಅದು ತನ್ನ ಮೇಲಿನ ಸಿಟ್ಟಿಗೆ ಆಡಿದ ಮಾತೆಂದು ಶಂಕ್ರಮ್ಮನಿಗೆ ಅನಿಸಿತು. ಸಿಟ್ಟು ಇಳಿಯಲಿ, ಆಮೇಲೆ ಯೋಚನೆ ಮಾಡು ಎಂದಳು.

"ಸಿಟ್ಟಲ್ಲವ್ವಾ. ನಾ ಇದೇ ಕೆಲಸದಾಗ ಕುಂತ್ರ ನೀ ಇನ್ನೊಬ್ಬರಿಗೂ ಹಿಂಗೇ ಹೇಳ್ತಿ."

ಮರುದಿನ ಶಂಕ್ರಮ್ಮ ತಮ್ಮನ ಊರಿಗೆ ಹೊರಟಳು. ಬೇಡವೆಂದರೂ ಜಂಬಪ್ಪ ಜೊತೆಗೆ ಬಸ್ಸು ಹತ್ತಿದ. ಅರ್ಧ ದಾರಿಯವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದವನು ಕೇಳಿದ:

"ಅಂವ ನನ್ನಂಗ ಆಗ್ತಾನಂತ ಅಷ್ಟು ಅಂಜಿಕಿ ಇತ್ತೇನು ನಿನಗ?"

ಅವಳು ಇಲ್ಲವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕಂಡಕ್ಟರು ಬಂದ, ಜಂಬಪ್ಪ ಟಿಕೀಟು ತೆಗೆಸಿದ. ಮತ್ತೆ ಕೇಳಲಿಲ್ಲ.

ಪೆಂಟಮ್ಮ ಅಂಗಳದಲ್ಲಿ ಕೂಲಿ ಹೆಂಗಸರ ಜೊತೆ ಕೂತು ಬಳ್ಳಿಯಿಂದ ಶೇಂಗಾ ಬಿಡಿಸುತ್ತಿದ್ದಳು. ಅವಳ ತವರು ತೆಲುಗಿನದು. ಗಂಡನ ಅಕ್ಕನನ್ನು ತೆಲುಗಿನಂತೆ ವದಿನ ಎಂದೇ ಕರೆಯುತ್ತಿದ್ದಳು. ಶಂಕ್ರಮ್ಮ ನೀರು ಕೂಡ ಮುಟ್ಟದೆ, ಆಟೋ ಸ್ಟಾರ್ಟರ್ ಇರಲಿ ಅಂದವಳು ತಾನು, ಶರಣನಿಗೆ ಅದರ ಸುದ್ದಿಯೇ ಇರಲಿಲ್ಲ ಎಂದಳು. ಪೆಂಟಮ್ಮನ ಕೈ ನಿಲ್ಲಲಿಲ್ಲ. ಬಳ್ಳಿ ಜಾಡಿಸುತ್ತಲೇ ಕೇಳಿಸಿಕೊಂಡಳು.

"ನಿನ್ನ ಮಾತು ಅಂದಿದ್ರ ಇವರು ಕೇಳ್ತಿದ್ರೇನು ವದಿನಾ? ಶರಣ ಅಂದಾನಂತ ಕೇಳಿದ್ರು. ಅದು ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಊರಾಗ ನಾ ಹೇಳಿ ಬಂದೀನಿ. ಈಗ ಇಲ್ಲ, ಅವರ ಅವ್ವ ಅಂದಾಳ ಅಂತ ನಾ ತಿರುಗಿ ಹೇಳಾಕ ಹೋಗಂಗಿಲ್ಲ. ನೀನೇ ಹೇಳು. ಇಲ್ಲೇ ಅದಾರ ನೋಡು ಎಲ್ಲಾರೂ."

ಶಂಕ್ರಮ್ಮ ಹೇಳಿದಳು. ಸುತ್ತ ಕೂತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಒಬ್ಬಳು ಅಯ್ಯ ಎಂದಳು, ಇನ್ನೊಬ್ಬಳು ಪಕ್ಕದವಳಿಗೆ ತೆಲುಗಿನಲ್ಲಿ ಮತ್ತೊಮ್ಮೆ ಬಿಡಿಸಿ ಹೇಳಿದಳು. ಆಮೇಲೆ ಮಾಡಲು ಏನೂ ತೋಚದೆ ಶಂಕ್ರಮ್ಮ ಅವರ ನಡುವೆ ಕೂತು ತಾನೂ ಬಳ್ಳಿ ಕೈಗೆತ್ತಿಕೊಂಡಳು. ಪೆಂಟಮ್ಮ ಬೇಡವೆನ್ನಲಿಲ್ಲ. ಸಂಜೆಯವರೆಗೆ ಬಿಡಿಸಿದರು. ಹೊರಡುವಾಗ ತಾಯಣ್ಣ ಬಸ್ಸಿನವರೆಗೆ ಕಳಿಸಲು ಬಂದ.

"ನನಗ ಅವತ್ತೇ ಗೊತ್ತಾಗಿತ್ತಕ್ಕಾ."

"ಮತ್ತ ಯಾಕ ಅನ್ನಲಿಲ್ಲ?"

"ನೀ ಬಡಸಾಕ ಹತ್ತಿದ್ದಿ," ಎಂದ ತಾಯಣ್ಣ.

ಅವಳು ಮಕ್ತಲ್‌ನಲ್ಲಿ ಗಂಡನ ಜೊತೆ ಇಳಿಯುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ಎದುರುಮನೆಯ ಹಣಮಮ್ಮ ಬಾಗಿಲಲ್ಲಿ ನಿಂತಿದ್ದವಳು ಇವಳನ್ನು ಕಂಡು ಒಳಗೆ ಸರಿದಳು.

ಯುಗಾದಿಯವರೆಗೆ ಶರಣಬಸವ ದಿನವೂ ಮುಂಜಾನೆ ಕಟ್ಟೆಯ ಮೇಲೆ ತಂದೆಯ ಎದುರು ಕೂತ. ಪಟ್ಟಿ ಜೋಡಿಸುವುದು, ಬೇರಿಂಗು ಬಡಿದು ಕೂಡಿಸುವುದು, ಬೆಸುಗೆ ಹಿಡಿಯುವುದು. ಗೊತ್ತಿರುವ ಕೈ ಬೇಗ ಕಲಿಯಿತು. ಜಂಬಪ್ಪ ಹೇಳಿಕೊಡುವಾಗ ದನಿ ತಗ್ಗಿಸುತ್ತಿದ್ದ, ಅಡುಗೆಮನೆಗೆ ಕೇಳಿಸಬಾರದೆಂಬಂತೆ. ಶಂಕ್ರಮ್ಮ ಎರಡು ಲೋಟ ಚಹಾ ತಂದಿಡುತ್ತಿದ್ದಳು. ಇಬ್ಬರೂ ತಲೆಯೆತ್ತದೆ ಕುಡಿಯುತ್ತಿದ್ದರು. ಹಬ್ಬದ ಹೋಳಿಗೆ ಉಂಡ ಮೂರನೆಯ ದಿನ ಮಗ ಸೊಸೆ ಗದ್ವಾಲದ ಬಸ್ಸು ಹತ್ತಿದರು. ಸಾಮಾನು ಏರಿಸಿ ಇಳಿದ ಅತ್ತೆಗೆ ಉಮಾಶ್ರೀ ಕಿಟಕಿಯಿಂದ, "ಹೊತ್ತಿಗೆ ಸರಿಯಾಗಿ ಉಣ್ರಿ ಅತ್ತೀ," ಎಂದಳು. ಅದರಲ್ಲಿ ಕುಟುಕು ಇರಲಿಲ್ಲ.

ಬೇಸಿಗೆಯ ಒಂದು ಸಂಜೆ ಗಾಳಿ ಎದ್ದು, ನಾಲ್ಕು ಹನಿ ಬಿದ್ದು, ಸಿಡಿಲು ಹೊಡೆಯಿತು. ಊರಾಚೆ ನಾರ್ವ ದಾರಿಯ ಹೊಲಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿಗೇ ಬಡಿದದ್ದರಿಂದ ಅದರ ಕೆಳಗಿನ ಮೋಟಾರುಗಳೂ ಹೋದವು. ಮರುದಿನ ಮುಂಜಾನೆ ಮೂರು ಜನ ರೈತರು ಗಾಡಿಯಲ್ಲಿ ಮೋಟಾರು ಹಾಕಿಕೊಂಡು ಮುಚ್ಚಿದ ಅಂಗಡಿಯ ಮುಂದೆ ನಿಂತರು. ಅವರಲ್ಲೊಬ್ಬ ನಾರ್ವ ಕಡೆಯವನೇ. ಶರಣಬಸವನ ತಪ್ಪೇನಿಲ್ಲವೆಂದು ಗೊತ್ತಾಗಿದೆ, ಅವನ ಕೈಯಿಂದಲೇ ಆಗಲಿ, ಒಂದು ಮಾತು ಹೇಳಿ ಕಳಿಸಿದರೆ ಎರಡು ದಿನ ಬಂದು ಹೋಗಲಿ ಎಂದ. ಮಗ ಬರುತ್ತಿದ್ದ, ಹೇಳಿದ್ದರೆ ಆ ಹೊತ್ತೇ ಬಸ್ಸು ಹತ್ತುತ್ತಿದ್ದ. ಶಂಕ್ರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು, ಅವನು ಈಗ ಮಿಲ್ಲಿನ ಕೆಲಸದಲ್ಲಿದ್ದಾನೆ, ರಾಯಚೂರಿಗೆ ಒಯ್ಯಿರಿ ಎಂದಳು. ಅವರು ಹೋದ ಮೇಲೆ, ಈ ಸಲವೂ ಅವನನ್ನು ಕೇಳದೆ ತಾನೇ ಉತ್ತರ ಕೊಟ್ಟೆನಲ್ಲ ಎಂದು ಹೊಳೆದು ಹೊಸ್ತಿಲ ಮೇಲೆಯೇ ಕೂತಳು.

ವಾರದ ರಜೆಗೆ ಶರಣಬಸವ ಬಂದ. ಮಿಲ್ಲಿನ ತೌಡಿನ ಧೂಳು ಕಿವಿಯ ಹಿಂದೆ ಹಾಗೇ ಇತ್ತು. ಮೈ ತುಸು ಇಳಿದಿತ್ತು, ಆದರೆ ಮಾತು ಮರಳಿತ್ತು. ಮಿಲ್ಲಿನಲ್ಲಿ ದಿನಕ್ಕೊಂದು ಕೆಡುತ್ತದೆಂದೂ, ಯಾವುದೂ ಅರ್ಧದಿನಕ್ಕಿಂತ ಹೆಚ್ಚು ಹಿಡಿಯುವುದಿಲ್ಲವೆಂದೂ ತಂದೆಯ ಜೊತೆ ಹೇಳಿ ನಗುತ್ತಿದ್ದ. ಉಣ್ಣಲು ಕೂತಾಗ ಶಂಕ್ರಮ್ಮ ಅವನ ತಟ್ಟೆಗೆ ಅನ್ನ ಹಾಕಿ, ಪಾತ್ರೆ ಕೆಳಗಿಟ್ಟು ಹೇಳಿದಳು:

"ಮೂರು ಮೋಟಾರು ಬಂದಿದ್ವು. ನಿನ್ನ ಕೇಳಲಿಲ್ಲ. ನಾನೇ ರಾಯಚೂರಿಗೆ ಹೋಗ್ರಿ ಅಂದೆ. ನಿನ್ನ ಕೇಳಬೇಕಿತ್ತು."

ಶರಣಬಸವ ಅನ್ನ ಕಲಸುವುದನ್ನು ನಿಲ್ಲಿಸಿದ.

"ಯಾರವು?"

ಅವಳು ಮೂವರ ಹೆಸರನ್ನೂ ಹೇಳಿದಳು.

"ಯಾಕ ಸುಟ್ಟಿದ್ವಂತ?"

"ಸಿಡಿಲಿಗೆ."

"ಸಿಡಿಲಿಗೇನಾ?"

"ಸಿಡಿಲಿಗೆ, ಶರಣಾ."

ಅವನು ಹೂಂ ಎಂದು ಉಂಡ. ಮಜ್ಜಿಗೆ ಹಾಕಿಸಿಕೊಂಡ, ಸಾರು ಚಲೋ ಆಗಿದೆ ಎಂದ. ಕೈತೊಳೆದು ಹೊರಗೆ ಕಟ್ಟೆಗೆ ಹೋದ. ಶಂಕ್ರಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿರುವಾಗ ಹೊರಗಿನಿಂದ ಅವನ ದನಿ ಕೇಳಿತು. ತಗ್ಗಿದ ದನಿ, ಸಿಟ್ಟಿನದಲ್ಲ.

"ಅಪ್ಪಾ, ಆ ಮೂರು ಮೋಟಾರು ಯಾತಕ್ಕ ಸುಟ್ಟಿದ್ವು?"